ಖಾಯಂ ಪಾಸಿಟಿವ್

ಕೈಗವಸಿನ ಕಿರುಬೆರಳ ತುದಿ ಖಾಲಿ, ಬೆರಳು ಮುಗಿದ ಮೇಲೂ ರಬ್ಬರು ಮುಗಿದಿಲ್ಲ, ಜೋತುಬಿದ್ದು ಮೌಸಿನ ಮೇಲೆ ಅತ್ತಿತ್ತ ಒರಗುತ್ತಿದೆ, ಸಣ್ಣ ಅಳತೆಯದನ್ನು ಇಲ್ಲಿ ತರಿಸುವುದೇ ಇಲ್ಲವಂತೆ, ಈ ಕಟ್ಟಡದವರ ಕೈಗಳೆಲ್ಲ ದೊಡ್ಡವಿರಬೇಕು — ಎರವಲು ಕೋಣೆ, ಎರವಲು ಯಂತ್ರ, ಎರವಲು ಗ್ಲೌಸು, ಒಳಗಿನ ಬೆವರೊಂದು ಅವಳ ಸ್ವಂತದ್ದು. ಪರದೆಯ ಮೇಲೆ ಹಸಿರು ಗೆರೆ ಎದ್ದಿತು, ಅದರ ಬೆನ್ನಿಗೇ ನೀಲಿ, ಕೆಂಪು ಮಾತ್ರ ಇನ್ನೂ ನೆಲದಲ್ಲೇ ಮಲಗಿದೆ, ಏಳು, ಎನ್ನುತ್ತಿದೆ ಅವಳ ಮನಸ್ಸು, ಏಳು ತಾಯಿ, ಶಾಲೆಗೆ ಹೊರಡಿಸುವಾಗ ತಮ್ಮನಿಗೂ ಹೀಗೇ ಹೇಳುತ್ತಿದ್ದಳು, ಹೊದಿಕೆ ಎಳೆದು, ಏಳೋ ಮರಿ, ಅವನು ಕಣ್ಣು ಮುಚ್ಚಿಕೊಂಡೇ ಎದ್ದಿದ್ದೀನಲ್ಲಕ್ಕ ಅನ್ನುತ್ತಿದ್ದ. ಈ ಪರೀಕ್ಷೆ ವೈರಸ್ಸನ್ನು ಮೂರು ಜಾಗದಲ್ಲಿ ಮುಟ್ಟಿ ನೋಡುತ್ತದೆ, ಮೂರೂ ಸಿಕ್ಕರೆ ಮೂರು ಗೆರೆ ಏಳಬೇಕು, ಎರಡೇ ಎದ್ದರೂ ರೋಗ ರೋಗವೇ, ಆದರೆ ಮೂರನೆಯ ಜಾಗದಲ್ಲಿ ಅದು ತನ್ನ ಚಹರೆ ಬದಲಿಸಿಕೊಂಡಿದೆ ಎಂದು ಅರ್ಥ, ವಿದ್ಯಾರ್ಥಿಗಳಿಗೆ ಇದನ್ನು ಎಷ್ಟು ಸಲ ಹೇಳಿದ್ದಾಳೆಂದರೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲಳು, ಗಡ್ಡ ಬೋಳಿಸಿಕೊಂಡರೆ ಕಳ್ಳ ಬೇರೆಯವನಾಗಿಬಿಡುವುದಿಲ್ಲ, ಆದರೆ ಹಳೆಯ ಫೋಟೋ ಹಿಡಿದು ಬಾಗಿಲಲ್ಲಿ ಕೂತ ಕಾವಲುಗಾರ ಮೋಸಹೋಗುತ್ತಾನೆ, ಮಕ್ಕಳು ನಗುತ್ತಿದ್ದರು — ಗಡ್ಡ ಎಂದದ್ದೇ ತಡ ಎಲ್ಲಿಂದಲೋ ಕತ್ತರಿಯ ಸದ್ದು ಬಂದುಬಿಟ್ಟಿತು, ಬೇಡ, ಅದು ಆಮೇಲೆ. ಬೆನ್ನ ಹಿಂದೆ ಬ್ಲೀಚಪ್ಪ ನಿಂತಿದ್ದಾರೆ, ಅವಳ ಲ್ಯಾಬಿನ ಹಿರಿಯ ತಂತ್ರಜ್ಞರು, ಮನೆಯವರು ಇಟ್ಟ ಹೆಸರು ಬೇರೆ ಇದೆ, ಆದರೆ ಕಂಡದ್ದನ್ನೆಲ್ಲ ಬ್ಲೀಚು ಹಾಕಿ ಒರೆಸುವವರನ್ನು ಇನ್ನೇನೆಂದು ಕರೆಯುವುದು, ಬಂದ ಮೇಲೆ ಈ ಪರರ ಮೇಜನ್ನೂ ಮೂರು ಸಲ ಒರೆಸಿಯಾಯಿತು. ಏಳತ್ತೆ ಬಿಡಿ ಮೇಡಂ, ಇನ್ನೂ ಟೈಮಿದೆ, ಎಂದರು. ಅವರ ದನಿಯಲ್ಲೂ ಬೇಡಿಕೆ ಇತ್ತು. ಕೆಂಪು ಎದ್ದರೆ ಇದು ಹಳೆಯ ರೋಗ, ಗೊತ್ತಿರುವ ರೋಗ, ಎಲ್ಲರೂ ಮನೆಗೆ ಹೋಗಿ ಊಟ ಮಾಡಬಹುದು.

ಖಾಯಂ ಈ ಕಟ್ಟಡಕ್ಕೆ ಎಂದೂ ಕಾಲಿಟ್ಟಿಲ್ಲ, ಅದಕ್ಕೇ ಇಲ್ಲಿಗೆ ಬಂದದ್ದು. ಖಾಯಂ ಎಂದರೆ ಅವರ ಲ್ಯಾಬಿನ ಫ್ರೀಜರಿನಲ್ಲಿ ಕೂತಿರುವ ಪುಟ್ಟ ನಳಿಕೆಗಳು, ಮುಚ್ಚಳದ ಮೇಲೆ ಬ್ಲೀಚಪ್ಪನವರೇ ಆ ಹೆಸರು ಬರೆದದ್ದು, ಖಾಯಂ ಪಾಸಿಟಿವ್, ನಳಿಕೆಯೊಳಗಿರುವುದು ಅವಳ ತಮ್ಮ, ಅಂದರೆ ಅವನ ಮೂಗಿನಿಂದ ತೆಗೆದದ್ದು. ಯಂತ್ರ ಸರಿಯಾಗಿ ನಡೆಯುತ್ತಿದೆಯೋ ಇಲ್ಲವೋ ತಿಳಿಯಬೇಕಾದರೆ ಪ್ರತಿ ಸಲವೂ ಇದು ರೋಗವೇ ಎಂದು ಮೊದಲೇ ಗೊತ್ತಿರುವ ಒಂದು ಮಾದರಿಯನ್ನು ಉಳಿದವರ ಜೊತೆಗೆ ಓಡಿಸಬೇಕು, ಕಂಟ್ರೋಲ್ ಅನ್ನುತ್ತಾರೆ, ಕಂಪನಿ ಕಳಿಸುತ್ತಿದ್ದದ್ದು ಒಮ್ಮೆ ಮುಗಿದುಹೋಯಿತು, ಹೊಸದು ಇವತ್ತು ಬರುತ್ತೆ ನಾಳೆ ಬರುತ್ತೆ, ಅಷ್ಟರಲ್ಲಿ ಮನೆಯಲ್ಲೇ ಒಬ್ಬ ಇದ್ದಾನಲ್ಲ, ಎಲ್ಲರಿಗೂ ಎರಡು ವಾರದಲ್ಲಿ ವಾಸಿಯಾದರೆ ಇವನಿಗೆ ತಿಂಗಳಾಯಿತು, ಇನ್ನೊಂದು ತಿಂಗಳಾಯಿತು, ಕಾಲ ಬದಲಾಯಿತು, ಸಂಜೆ ಸ್ವಲ್ಪ ಕೆಮ್ಮು, ಸ್ವಲ್ಪ ಸುಸ್ತು, ಸೋಮವಾರ ಸೋಮವಾರ ಅವಳು ಕಡ್ಡಿ ಹಾಕಿ ತೆಗೆದರೆ ಪ್ರತಿ ಸೋಮವಾರವೂ ಗೆರೆ ಏಳುತ್ತದೆ. ಅವನೇ ನಗುತ್ತಿದ್ದ, ನನ್ನ ಮೂಗಿಗೂ ಸರ್ಕಾರಿ ಕೆಲಸ ಸಿಕ್ತು ನೋಡಕ್ಕ, ಪೆನ್ಷನ್ ಇದೆಯಾ ಕೇಳು. ಅವಳ ಮೂತ್ರಪಿಂಡ ಅವನ ಹೊಟ್ಟೆಯಲ್ಲಿದೆ, ಎರಡರಲ್ಲಿ ಒಂದು ಕೊಟ್ಟದ್ದು, ಅದರ ಬಗ್ಗೆ ಅವಳು ಯೋಚಿಸುವುದು ಕಡಿಮೆ, ಎಡಮಗ್ಗುಲಾಗಿ ಮಲಗಿದರೆ ಮಾತ್ರ ಹೊಲಿಗೆ ಎಳೆಯುತ್ತದೆ, ಕಿಡ್ನಿ ನಿಂದು ಬಾಡಿಗೆದಾರ ನಾನು, ಎನ್ನುವುದು ಅವನ ಮಾತು, ಆ ಬಾಡಿಗೆಯ ಹೆಸರು ಮಾತ್ರೆ, ಬೆಳಿಗ್ಗೆ ಒಂದು ಸಂಜೆ ಒಂದು, ಮೈಯೊಳಗಿನ ಕಾವಲುಗಾರನನ್ನು ಮಂಪರಿನಲ್ಲಿಡುವ ಮಾತ್ರೆ, ಇಲ್ಲದಿದ್ದರೆ ಅವನು ಅಕ್ಕನ ಕಿಡ್ನಿಯನ್ನು ಪರದೇಶಿ ಎಂದು ಹೊರಗೆ ಹಾಕಿಬಿಡುತ್ತಾನೆ. ಮಂಪರಿನ ಕಾವಲುಗಾರ ವೈರಸ್ಸನ್ನೂ ಓಡಿಸುವುದಿಲ್ಲ, ಪೂರ್ತಿ ಬಿಡುವುದೂ ಇಲ್ಲ, ಆಗಾಗ ಕಣ್ಣು ಬಿಟ್ಟು ಗದರುತ್ತಾನೆ, ಅದು ಮೂಲೆಗೆ ಸರಿದು ಇನ್ನೊಂದು ವೇಷ ಹಾಕಿಕೊಂಡು ಬರುತ್ತದೆ, ಪ್ರತಿ ಸಲ ತನ್ನನ್ನು ತಾನೇ ನಕಲು ಮಾಡಿಕೊಳ್ಳುವಾಗ ಒಂದಿಷ್ಟು ತಪ್ಪು, ತಮ್ಮನ ಕೆಲಸ ಮನೆಯಲ್ಲೇ ಕೂತು ಅಚ್ಚಿನ ಕರಡು ತಿದ್ದುವುದು, ಊರವರ ತಪ್ಪೆಲ್ಲ ತಿದ್ದುತ್ತೀನಿ ನನ್ನೊಳಗಿಂದು ತಿದ್ದೋಕೆ ಆಗ್ತಿಲ್ಲವಲ್ಲ ಎಂದು ಅದಕ್ಕೂ ನಕ್ಕಿದ್ದ. ಕೆಲವು ವಾರದ ಹಿಂದೆ ಅವನ ಮಾದರಿಯಲ್ಲಿ ಕೆಂಪು ಗೆರೆ ಬಿದ್ದುಹೋಯಿತು. ಅವಳಿಗೆ ಭಯವಾಗಲಿಲ್ಲ, ನಿಜ ಹೇಳಬೇಕೆಂದರೆ ಸಂತೋಷವೇ ಆಯಿತು, ಓದಿದ್ದು ಕಣ್ಣೆದುರೇ ನಡೆಯುತ್ತಿದೆಯಲ್ಲ ಎಂಬ ಸಂತೋಷ, ಇದು ಒಂದು ದೇಹದ ಒಳಗಿನ ಮಾತು, ನಾಲ್ಕು ಗೋಡೆಯೊಳಗಿನ ಮಾತು, ಹಿಂದಿನ ಕೋಣೆಯ ಕಿಟಕಿ ಸದಾ ತೆರೆದಿರುತ್ತದೆ, ತಟ್ಟೆ ಲೋಟ ಬೇರೆ. ಲ್ಯಾಬಿನಲ್ಲೂ ಎಲ್ಲರಿಗೂ ಅಭ್ಯಾಸವಾಯಿತು, ಎರಡೇ ಗೆರೆ ಎದ್ದರೆ ಅದು ನಮ್ಮ ಖಾಯಂ.

ಆಮೇಲೊಂದು ದಿನ ಯಾರೋ ಅಪರಿಚಿತರ ಮಾದರಿಯಲ್ಲಿ ಎರಡೇ ಗೆರೆ ಎದ್ದವು. ಬ್ಲೀಚಪ್ಪ ಹಣೆ ಚಚ್ಚಿಕೊಂಡರು, ಸಿಡೀತು ಮೇಡಂ, ಖಾಯಂ ಸಿಡಿದು ಪ್ಲೇಟಿನಲ್ಲಿ ಪಕ್ಕದವರ ಗುಂಡಿಗೆ ಬಿದ್ದಿದೆ, ನನ್ನ ಕೈ ನಡುಗ್ತೇನೋ, ಒಂದು ಹನಿ, ಹನಿಯ ಸಾವಿರದಲ್ಲೊಂದು ಪಾಲು ಸಾಕು, ಲ್ಯಾಬಿನಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆಗೇಡು ಇಲ್ಲ, ಒಬ್ಬರ ರೋಗ ಇನ್ನೊಬ್ಬರ ಹೆಸರಿಗೆ ಹತ್ತಿಸುವುದು. ಪ್ಲೇಟು ಎಸೆದರು, ಮೇಜು ತೊಳೆದರು, ಫಲಿತಾಂಶ ಸ್ಪಷ್ಟವಿಲ್ಲ ಮತ್ತೊಮ್ಮೆ ಮಾದರಿ ಕೊಡಿ ಎಂದು ಸಂದೇಶ ಹೋಯಿತು. ಮಾರನೆಯ ದಿನ ಬೇರೆ ಪ್ಲೇಟು, ಬೇರೆ ಗುಂಡಿ, ಮತ್ತೆ ಎರಡು ಗೆರೆ, ಮತ್ತೆ ಬ್ಲೀಚು, ಹೊಸ ಡಬ್ಬಿ ಒಡೆದರು, ಖಾಯಮ್ಮನ್ನು ಪ್ಲೇಟಿನ ಮೂಲೆಗೆ ತಳ್ಳಿದರು, ಬ್ಲೀಚಪ್ಪ ಚಪ್ಪಲಿ ಸಮೇತ ಬದಲಾಯಿಸಿದರು, ಹೊಸದಾಗಿ ಸೇರಿದ ಹುಡುಗಿಯನ್ನು ಅವಳು ಗದರಿಸಿದಳು, ಕೈ ಎಲ್ಲಿಟ್ಟು ಕೆಲಸ ಮಾಡ್ತೀಯಮ್ಮ, ಹುಡುಗಿ ಬಾಗಿಲ ಮರೆಗೆ ಹೋಗಿ ಅತ್ತಳು, ಅವಳ ತಪ್ಪೇನೂ ಇರಲಿಲ್ಲ, ಯಾರದೂ ತಪ್ಪಿರಲಿಲ್ಲ, ಯಾವ ಹನಿಯೂ ಸಿಡಿದಿರಲಿಲ್ಲ. ತೊಳೆದಷ್ಟೂ ಜಾಸ್ತಿಯಾಗುತ್ತಿತ್ತು. ಬೇರೆ ಯಾವ ಲ್ಯಾಬಾದರೂ ಆಗಿದ್ದರೆ ಮೊದಲ ದಿನವೇ ಏನೋ ಹೊಸತು ಬಂದಿದೆ ಎಂದು ಕೂಗೆಬ್ಬಿಸುತ್ತಿದ್ದರು, ಇವರಿಗೆ ಕೂಗಬೇಕೆನಿಸಲಿಲ್ಲ, ಇವರಿಗೆ ಅದರ ಪರಿಚಯವಿತ್ತು, ಮನೆಯ ನಾಯಿ ಬೀದಿಯಲ್ಲಿ ಕಂಡರೆ ಯಾರು ಬಾಗಿಲು ತೆರೆದಿಟ್ಟರು ಎಂದು ಮನೆಯವರನ್ನೇ ಬೈಯುವುದಲ್ಲವೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರೆ, ಇವರದು ತಿರುಗುಮುರುಗು, ಕೂಸು ಊರು ಸುತ್ತುತ್ತಿತ್ತು, ಇವರು ಕಂಕುಳು ತೊಳೆಯುತ್ತಿದ್ದರು. ಮೊನ್ನೆ ಮೆಟ್ಟಿಲು ಹತ್ತುವಾಗ ಫೋನು ಬಂತು, ಒಂದು ಹುಡುಗಿಯ ದನಿ, ಆಂಟಿ, ನಾನು ಕಟಿಂಗ್ ಅಂಗಡಿಯವರ ಮಗಳು, ಅಪ್ಪ ನಿಮ್ಮನೆಗೆ ಬಂದು ಅಂಕಲ್‌ಗೆ ಕಟಿಂಗ್ ಮಾಡಿ ಹೋಗಿದ್ರಲ್ಲ, ಅವರ ಫೋನಲ್ಲಿ ನಿಮ್ಮ ನಂಬರ್ ಇತ್ತು, ತೊಂದರೆ ಕೊಡ್ತಿದ್ದೀನಿ, ಅಪ್ಪಂಗೆ ಜ್ವರ ಬಂದಾಗ ಟೆಸ್ಟ್ ಮಾಡಿಸಿದ್ವಿ, ಸ್ಪಷ್ಟ ಇಲ್ಲ ಅಂತ ಮೆಸೇಜ್ ಬಂತು, ಇದ್ದಿದ್ರೆ ಇದೆ ಅಂತಿದ್ರು, ಇಲ್ಲ ಅಂತಲೇ ಲೆಕ್ಕ ಅಂದ್ಕೊಂಡು ಅಂಗಡಿ ತೆಗೆದ್ರು, ಈಗ ಉಸಿರಾಡೋಕೆ ಆಗ್ತಿಲ್ಲ ಆಂಟಿ, ನಿಮ್ಮ ಆಸ್ಪತ್ರೆ ಮೇಲಿನ ವಾರ್ಡಲ್ಲೇ ಇದ್ದಾರೆ, ಇನ್ನೊಂದು ಸಲ ಮೂಗಿಂದ ತಗೊಂಡಿದ್ದಾರೆ, ನೋಡಿ ಹೇಳ್ತೀರಾ. ಹೇಳ್ತೀನಮ್ಮ, ಎಂದಳು. ಒಂದು ಕಾಲು ಮೇಲಿನ ಮೆಟ್ಟಿಲಲ್ಲಿ, ಇನ್ನೊಂದು ಕೆಳಗೆ. ಮಾದರಿಗಳಿಗೆ ಲ್ಯಾಬಿನಲ್ಲಿ ಹೆಸರಿರುವುದಿಲ್ಲ, ಅಂಕಿಯಿರುತ್ತದೆ, ಇಷ್ಟು ದಿನ ಅದು ಎಷ್ಟು ಸುಖವಾಗಿತ್ತು ಎಂದು ಅವಳಿಗೆ ಅಲ್ಲಿ ನಿಂತಾಗ ತಿಳಿಯಿತು. ಅದಕ್ಕೇ ಕಟಿಂಗ್ ಅಂಗಡಿಯ ಅಣ್ಣನ ಈ ಎರಡನೆಯ ಮಾದರಿ ಅವರ ಲ್ಯಾಬಿನ ಹೊಸಿಲು ತುಳಿಯಲಿಲ್ಲ, ವಾರ್ಡಿನಿಂದ ನೇರ ಅಂಗಳ ದಾಟಿ ಈ ಕಟ್ಟಡಕ್ಕೆ ಬಂತು, ಖಾಯಂ ಇಲ್ಲದ ಕಡೆಗೆ.

ಯಂತ್ರ ಟಿಣ್ ಎಂದಿತು. ಕೆಂಪು ಏಳಲಿಲ್ಲ. ಬ್ಲೀಚಪ್ಪ ಹಿಂದಿನಿಂದ ಮುಂದೆ ಬಂದು, ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿ, ಸ್ಟೂಲು ಎಳೆದುಕೊಂಡು ಕೂತರು, ಅವಳ ಮುಂದೆ ಅವರು ಕೂತದ್ದನ್ನು ಅವಳು ಕಂಡಿರಲಿಲ್ಲ. ಹಾಗಾದ್ರೆ ನಾನು ತೊಳೆದು ಚೆಲ್ಲಿದ್ದೆಲ್ಲ ನಿಜವಾದದ್ದೇನಾ ಮೇಡಂ, ಎಂದರು. ನೀವಲ್ಲ, ನಾವು, ಎಂದಳು, ದನಿ ಸರಿಯಾಗಿಯೇ ಇತ್ತು, ವರದಿ ಓದುವ ದನಿ. ಅಣ್ಣನ ಮಾದರಿಯ ಇಡೀ ವೈರಸ್ಸನ್ನು ಅಕ್ಷರ ಅಕ್ಷರವಾಗಿ ಓದಿಸಿ ಇಟ್ಟಿದ್ದರು ಇಲ್ಲಿಯವರು, ಆ ಪಟ್ಟಿ ಬೆಳಿಗ್ಗೆಯೇ ಬಂದು ಕೂತಿದೆ, ಕೆಂಪು ಗೆರೆ ಏಳಲಿ ಆಮೇಲೆ ತೆರೆದರಾಯಿತು ಎಂದು ಇಟ್ಟಿದ್ದಳು, ಕೆಂಪು ಎದ್ದರೆ ತೆರೆಯುವುದೇ ಬೇಕಾಗುವುದಿಲ್ಲ ಎಂಬಂತೆ. ತೆರೆದಳು. ತಾನು ಮೊದಲೇ ಹೀಗೆ ಓದಿಸಿಟ್ಟಿದ್ದ ತಮ್ಮನ ಸೋಮವಾರಗಳನ್ನೆಲ್ಲ ಒಂದರ ಕೆಳಗೊಂದು ಇಟ್ಟು, ಅಣ್ಣನದನ್ನು ಕೊನೆಗೆ ಇಟ್ಟಳು. ಮೊದಲ ತಿಂಗಳು ಒಂದು ತಪ್ಪು, ಆಮೇಲೆ ಎರಡು, ಆಮೇಲೆ ಒಂದು ಗೊಂಚಲು, ಆ ಜಾಗದಲ್ಲೇ ಕೆಂಪು ಬಿದ್ದದ್ದು, ಆಮೇಲೆ ಇನ್ನಷ್ಟು, ಅಣ್ಣನದರಲ್ಲಿ ಅವಷ್ಟೂ ಇವೆ, ಒಂದೂ ಬಿಡದೆ, ಮೇಲೆ ಇನ್ನೊಂದು ಹೊಸದು. ಯಾರು ಯಾರಿಗೆ ಕೊಟ್ಟರು ಎಂದು ಕೇಳುವ ಹಾಗೇ ಇಲ್ಲ. ಅಂಗಳದಲ್ಲಿ ಬಿಸಿಲು, ಯಾರದೋ ತಳ್ಳುಗಾಡಿಯ ಚಕ್ರ ಕಿರುಗುಡುತ್ತಿದೆ, ಒಬ್ಬ ನರ್ಸು ಗೋಡೆಗೊರಗಿ ಕಣ್ಣು ಮುಚ್ಚಿ ಮುಖಕ್ಕೆ ಬಿಸಿಲು ಕೊಡುತ್ತಿದ್ದಾಳೆ, ಜಗತ್ತು ಎಷ್ಟು ಚೆನ್ನಾಗಿ ಕಾಣುತ್ತಿದೆ, ಹೊಸ ರೋಗ ಹುಟ್ಟಿದ ದಿನ ಹೀಗಿರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ದೊಡ್ಡವರ ಕೋಣೆ — ಲ್ಯಾಬಿನ ಮುಖ್ಯಸ್ಥರನ್ನು ಎಲ್ಲರೂ ಕರೆಯುವುದು ಹಾಗೆ, ಆಳು ಕುಳ್ಳಗೆ — ಅವರು ಎಲ್ಲವನ್ನೂ ಕೇಳಿಸಿಕೊಂಡರು, ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಹೊಸ ರೂಪಾಂತರಿ ಅಂತ ಮಧ್ಯಾಹ್ನದೊಳಗೆ ಕಳಿಸಿಬಿಡಿ, ಎಂದರು, ತಡ ಮಾಡೋದು ಬೇಡ. ಆಮೇಲೆ, ಕನ್ನಡಕ ಇನ್ನೂ ಕೈಯಲ್ಲೇ, ಹೊರಗಿನವರ ಮಾದರಿಗಳು ಸಾಕಷ್ಟಿವೆಯಲ್ಲ, ಹೊಸದು ಅಂತ ತೋರಿಸೋಕೆ ಅಷ್ಟು ಸಾಕು, ಕಂಟ್ರೋಲ್ ವಿಷಯ, ಅದು ನಮ್ಮ ಮನೆಯೊಳಗಿನದು, ಅದನ್ನ ಬರೀಲೇಬೇಕು ಅಂತೇನಿಲ್ಲ, ನಿಮ್ಮ ತಮ್ಮನ್ನ ಎಲ್ಲಿಗೆ ಒಯ್ತಾರೋ, ಏನು ಮಾಡ್ತಾರೋ, ಯೋಚನೆ ಮಾಡಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಇಡೀ ಜೀವಮಾನ ಆ ಕೋಲು ಹಿಡಿದೇ ನಡೆದವರು, ಆದರೆ ಈ ಮಾತು ಅವರ ಅಂಜಿಕೆಯಿಂದ ಬಂದದ್ದಲ್ಲ, ಕರುಣೆಯಿಂದ ಬಂದದ್ದು, ಅದೇ ಕಷ್ಟ, ಅಂಜಿಕೆಯಾಗಿದ್ದರೆ ಜಗಳವಾಡಬಹುದಿತ್ತು. ಯೋಚನೆ ಮಾಡ್ತೀನಿ ಸರ್, ಎಂದು ಬಂದಳು.

ಯೋಚನೆ ಮಾಡಬೇಕಾದದ್ದು ತುಂಬ ಸಣ್ಣದು, ಒಂದು ಸಾಲು, ಬರೆಯುವುದೋ ಬಿಡುವುದೋ. ಬರೆದರೆ ಸಂಜೆಯೊಳಗೆ ಮನೆಯ ಮುಂದೆ ಆಂಬುಲೆನ್ಸು, ಅಡಿಯಿಂದ ಮುಡಿಯವರೆಗೆ ಬಿಳಿ ಸುತ್ತಿಕೊಂಡವರು, ಅವನು ಕರಡಿನ ಕಟ್ಟು ಕಂಕುಳಲ್ಲಿಟ್ಟುಕೊಂಡು ಹತ್ತುತ್ತಾನೆ, ಗಾಳಿಯನ್ನೂ ಸೋಸಿ ಒಳಗೆ ಬಿಡುವ ಕೋಣೆ, ಅಲ್ಲಿಯ ವೈದ್ಯರು ಮೊದಲು ಹೇಳುವುದೇನೆಂದು ಅವಳಿಗೆ ಗೊತ್ತು, ಮಾತ್ರೆ ಕಡಿಮೆ ಮಾಡೋಣ, ಕಾವಲುಗಾರನನ್ನು ಎಬ್ಬಿಸೋಣ, ವೈರಸ್ಸು ಹೋಗಲಿ, ಕಿಡ್ನಿ ಉಳಿದರೆ ಉಳಿಯಲಿ. ಅದನ್ನು ಅವಳೇ ತಿಂಗಳಿಂದ ತಿಂಗಳಿಗೆ ಮುಂದೆ ಹಾಕಿದ್ದಳು, ಇನ್ನೊಂದು ಸೋಮವಾರ ನೋಡೋಣ, ಇನ್ನೊಂದು. ಕಿಡ್ನಿ ಹೋದರೆ ಮತ್ತೆ ವಾರಕ್ಕೆ ಮೂರು ದಿನ ಯಂತ್ರ, ಮತ್ತೆ ಆ ಬೂದಿ ಬಣ್ಣದ ಮುಖ, ಕೊಡಲು ಅವಳ ಹತ್ತಿರ ಇನ್ನೊಂದಿಲ್ಲ, ಇರುವುದು ಅವಳಿಗೇ ಬೇಕು. ಬಿಟ್ಟರೆ — ಬಿಟ್ಟರೆ ಏನೂ ಆಗುವುದಿಲ್ಲ, ರೂಪಾಂತರಿ ಬಂದಿದೆ ಎಂದು ಊರಿಗೂ ಲೋಕಕ್ಕೂ ತಿಳಿಯುತ್ತದೆ, ಎಚ್ಚರ ವಹಿಸುತ್ತಾರೆ, ಆದರೆ ಬುಡ ಎಲ್ಲಿ ಎಂದು ಕೇಳದೆ ಬಿಡುವವರು ಯಾರು, ಪಟ್ಟಿಯಲ್ಲಿ ಎಲ್ಲರಿಗಿಂತ ಮೊದಲು ಸಿಕ್ಕವನೇ ಬುಡ, ಮೊದಲು ಸಿಕ್ಕವರು ಅಣ್ಣ, ಮೂರು ಕುರ್ಚಿ, ಉದ್ದ ಕನ್ನಡಿ, ಮೂಲೆಯಲ್ಲಿ ರೇಡಿಯೋ. ಕಟಿಂಗ್ ಅಂಗಡಿ ವೈರಸ್ಸು ಎಂದು ಹೆಸರಿಡಲು ಟೀವಿಯವರಿಗೆ ಎಷ್ಟು ಹೊತ್ತು ಬೇಕು, ಅಂಗಡಿಯ ಬಾಗಿಲ ಮೇಲೆ ಏನೇನು ಬರೆಯುತ್ತಾರೋ, ಆ ಹುಡುಗಿ ಕಾಲೇಜಿಗೆ ಹೋದರೆ ಪಕ್ಕದ ಬೆಂಚು ಖಾಲಿಯಾಗುತ್ತದೆ, ಮೇಲಿನ ವಾರ್ಡಿನಲ್ಲಿ ಆಮ್ಲಜನಕದ ಕೊಳವೆ ಹಾಕಿಕೊಂಡ ಮನುಷ್ಯ ಬದುಕಿ ಬಂದರೂ ಬಂದದ್ದಕ್ಕೆ ಸುಖವಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ಅವಳಾಗಬೇಕು, ಹೊರೆ ಅವರ ಹೆಗಲಿಗೆ. ಕಟಿಂಗ್ ಬೇಕೆಂದದ್ದು ತಮ್ಮ, ಕೂದಲು ಕಿವಿ ಮುಚ್ಚಿದೆ ಅಕ್ಕ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಬೈಯಿ, ಆದ್ರೂ ಕರೆಸು, ಅವನ ಮೊದಲ ಮೀಸೆಯನ್ನು ಸರಿಮಾಡಿದ್ದೂ ಈ ಅಣ್ಣನೇ, ಆ ವಾರ ಅವನ ಗೆರೆ ತಡವಾಗಿ ಎದ್ದಿತ್ತು, ವೈರಸ್ಸು ಇಳಿಯುತ್ತಿದೆ ಎಂದು ಅವಳು ಸಡಿಲಾದಳು. ಷರತ್ತು ಹಾಕಿದ್ದಳು, ಕಿಟಕಿ ಎರಡೂ ತೆರೆದಿರಬೇಕು, ಇಬ್ಬರಿಗೂ ಮಾಸ್ಕು, ಕತ್ತರಿ ಕುದಿಸಿದ ನೀರಿನಲ್ಲಿ, ಕೈ ಮೊಣಕೈವರೆಗೆ ಸೋಪು. ನೀವು ಹೇಳಿದ ಹಾಗೆ ಡಾಕ್ಟ್ರಮ್ಮ, ಎಂದಿದ್ದರು ಅಣ್ಣ, ಬಚ್ಚಲಲ್ಲಿ ನಿಂತು ಶಿಸ್ತಾಗಿ ಕೈ ತೊಳೆಯುತ್ತ, ದಿನಾ ನೂರು ಜನರನ್ನ ಮುಟ್ಟೋನು ನಾನು, ನನ್ನಿಂದ ಇವರಿಗೇನೂ ಆಗ್ಬಾರ್ದು, ಅಷ್ಟೇ. ಅವಳೂ ಅಷ್ಟೇ ಅಂದುಕೊಂಡಿದ್ದಳು, ಅವರಿಂದ ಇವನಿಗೆ ಏನೂ ಆಗಬಾರದು, ಅವಳ ಷರತ್ತುಗಳೆಲ್ಲ ಬಾಗಿಲಿನ ಹೊರಗಡೆಗೆ ಮುಖ ಮಾಡಿ ನಿಂತಿದ್ದವು. ಬರೆದಳು. ಈ ರೂಪಾಂತರಿಯ ಎಲ್ಲಕ್ಕಿಂತ ಹಳೆಯ ಮಾದರಿ ನಮ್ಮ ಪ್ರಯೋಗಾಲಯದ ಕಂಟ್ರೋಲ್, ಮೂತ್ರಪಿಂಡದ ಕಸಿಯಾದ, ತಿಂಗಳುಗಟ್ಟಲೆ ಸೋಂಕಿನಲ್ಲಿರುವ ರೋಗಿಯದು, ಇಂಥ ರೋಗಿಗಳು ಎಲ್ಲೆಲ್ಲಿ ಇದ್ದಾರೋ ಅಲ್ಲೆಲ್ಲ ಹುಡುಕಬೇಕು. ಆತ ನನ್ನ ತಮ್ಮ. ಕೊನೆಯ ಸಾಲು ಅಳಿಸಿದಳು, ವರದಿಯ ಭಾಷೆಯಲ್ಲ ಅದು, ಮತ್ತೆ ಬರೆದಳು, ನನ್ನ ಮನೆಯಲ್ಲೇ ಇದ್ದಾನೆ ಎಂದೂ ಸೇರಿಸಿದಳು, ಕಳಿಸಿದಳು. ನೀರು ಕುಡಿದಳು.

ಆಂಬುಲೆನ್ಸಿಗಿಂತ ಮೊದಲು ಅವಳ ದನಿ ಹೋಗಬೇಕು. ಫೋನು ಮೊದಲ ಗಂಟೆಗೇ ಎತ್ತಿದ, ಹೇಳಕ್ಕ, ಹಿಂದೆ ಹಕ್ಕಿಯ ಸದ್ದು, ಕಿಟಕಿಯ ಹತ್ತಿರ ಕೂತಿದ್ದಾನೆ. ಹೇಳಿದಳು, ಒಂದೊಂದಾಗಿ, ವಿದ್ಯಾರ್ಥಿಗಳಿಗೆ ಹೇಳುವಂತೆ, ಬರಲಿರುವವರ ವಿಷಯ, ಮಾತ್ರೆಯ ವಿಷಯ, ಅವನು ಹ್ಞೂ ಹ್ಞೂ ಎಂದ. ಅದಕ್ಕೆ ನನ್ನ ಹೆಸರಿಡ್ತಾರಾ, ಎಂದು ಕೇಳಿದ. ಇಲ್ಲ, ಒಂದು ಅಕ್ಷರ ಇಡ್ತಾರೆ, ಒಂದಿಷ್ಟು ಅಂಕಿ. ಅಷ್ಟು ಸಾಕಿದೋನಿಗೆ ಅಷ್ಟೂ ಮರ್ಯಾದೆ ಇಲ್ವಾ. ನಕ್ಕ, ಕೆಮ್ಮಿದ, ಫೋನು ಬಾಯಿಂದ ದೂರ ಹಿಡಿದದ್ದು ಅವಳಿಗೆ ತಿಳಿಯಿತು, ಫೋನಿನಲ್ಲಿ ಯಾರಿಗೂ ಏನೂ ಹತ್ತುವುದಿಲ್ಲ ಎಂದು ಅವನಿಗೂ ಗೊತ್ತು. ನಿನ್ನ ಕಿಡ್ನಿ ವಾಪಸ್ ಕೇಳ್ತಾರೇನೋ ಅಂದ್ಕೊಂಡೆ, ಎಂದ. ಮರಿ, ಎಂದಳು, ನನಗೆ ಹೆದರಿಕೆ ಆಗ್ತಿದೆ ಕಣೋ. ನನಗೂ, ಎಂದ ಅವನು, ಬಟ್ಟೆ ಎಷ್ಟು ಜೊತೆ ಇಟ್ಕೊಳ್ಳಲಿ. ಅಣ್ಣ ಹೇಗಿದ್ದಾರೆ, ಎಂದ. ಉಸಿರು ಸಾಲ್ತಾ ಇಲ್ಲ, ಎಂದಳು, ನೋಡ್ಕೊಳ್ತಿದ್ದಾರೆ. ನನ್ನಿಂದಲೇನಾ, ಅವರಿಂದ ನನಗೆ ಬಂದಿರಬಾರದಾ, ನೂರು ಜನರನ್ನ ಮುಟ್ಟೋರು. ಇಲ್ಲ ಮರಿ, ಅವರು ನಮ್ಮನೆಗೆ ಬರೋಕೆ ಮುಂಚಿನ ನಿನ್ನ ಸೋಮವಾರಗಳಲ್ಲೇ ಇದೆ. ಹ್ಞೂ, ಎಂದ. ಅವನು ಈಗ ನಗುವುದಿಲ್ಲ ಎಂದು ಅವಳಿಗೆ ತಿಳಿಯಿತು. ಅಕ್ಕಾ, ನನಗೊಂದು ಹೇಳು, ಕಿವಿ ಹತ್ರ ಕತ್ತರಿಸ್ಬೇಕು ಅಂತ ನನ್ನ ಮಾಸ್ಕ್ ದಾರ ಬಿಚ್ಚಿಸಿದ್ರು, ನಾನು ಏನೇನೋ ಹರಟ್ತಾ ಇದ್ದೆ, ಕಣ್ಣು ಮುಚ್ಚಿಕೊಂಡಿದ್ದೆ ಕೂದಲು ಬೀಳತ್ತೆ ಅಂತ, ನೀನು ಅಲ್ಲೇ ನಿಂತಿದ್ದೆಯಲ್ಲ, ಅಣ್ಣ ಅವರ ಮಾಸ್ಕ್ ಒಂದು ಸಲಾನೂ ತೆಗೀಲಿಲ್ಲ ತಾನೇ. ನಿಂತಿದ್ದಳು, ಹೊಸಿಲಿನಲ್ಲಿ, ಕೈಯಲ್ಲಿ ಮಡಿಸಿದ ಟವೆಲ್ಲು, ಕತ್ತರಿಯ ಸದ್ದು ನಿಂತಿದೆ, ತಮ್ಮನ ಕುತ್ತಿಗೆಯ ಹಿಂದೆ ಚೂರು ಕೂದಲು ಅಂಟಿದೆ, ಅಣ್ಣನ ಕೈ ಅಭ್ಯಾಸಬಲದಿಂದ ಪಕ್ಕಕ್ಕೆ ಹೋಗುತ್ತದೆ ಬ್ರಷ್ಷು ಹುಡುಕುತ್ತ, ಬ್ರಷ್ಷಿಲ್ಲ, ಅಂಗಡಿಯ ಬ್ರಷ್ಷು ಮನೆಯೊಳಗೆ ಬೇಡ ಊರವರದೆಲ್ಲ ಅದರಲ್ಲಿರುತ್ತದೆ ಟವೆಲ್ಲು ನಾನು ಕೊಡುತ್ತೇನೆ ಎಂದವಳು ಅವಳೇ, ಟವೆಲ್ಲು ಅವಳ ಕೈಯಲ್ಲಿದೆ, ಎರಡು ಹೆಜ್ಜೆ, ಅವರು ಕಾಯುವುದಿಲ್ಲ, ಹೆಬ್ಬೆರಳಿನಿಂದ ಮಾಸ್ಕು ಗದ್ದಕ್ಕೆ ಇಳಿಸಿ ತಮ್ಮನ ಹೆಗಲ ಮೇಲೆ ಬಗ್ಗಿ ಫೂ ಎಂದು ಊದುತ್ತಾರೆ, ಕೂದಲು ಹಾರುತ್ತದೆ, ಅಯ್ಯೋ ಅವನ ಮೇಲೆ ಊದಿಬಿಟ್ಟರಲ್ಲ ಎಂದು ಆಮೇಲೆ ವಾರವಿಡೀ ತಮ್ಮನ ಹಣೆ ಮುಟ್ಟಿ ಮುಟ್ಟಿ ನೋಡಿದ್ದಳು, ಊದಿದ್ದಕ್ಕೆ ಹೆದರಿದ್ದಳು, ಊದಿದ್ದನ್ನು ಮಾತ್ರ ನೋಡಿದ್ದಳು. ಅಕ್ಕಾ, ಲೈನಲ್ಲಿದ್ದೀಯಾ. ಊದುವುದಕ್ಕೆ ಮೊದಲು — ಮಾಸ್ಕು ಗದ್ದದಲ್ಲಿದೆ, ತಮ್ಮ ಏನೋ ಹೇಳಿ ನಗುತ್ತಿದ್ದಾನೆ, ಅಣ್ಣನ ಮುಖ ಅವನ ಕೆನ್ನೆಯ ಪಕ್ಕ, ಊದುವುದಕ್ಕೆ ಮೊದಲು, ಬಾಯಿ ತೆರೆದು — ಅಕ್ಕಾ — ಮಾಸ್ಕು ಗದ್ದದಲ್ಲಿದೆ, ಬಾಯಿ ತೆರೆದಿದೆ, ಎದೆ ಮೇಲೇರುತ್ತಿದೆ, ಅವರು ಉಸಿರು ಎಳೆದುಕೊಳ್ಳುತ್ತಿದ್ದಾರೆ, ಮಾಸ್ಕು ಗದ್ದದಲ್ಲಿದೆ, ದೀರ್ಘವಾಗಿ, ಎದೆ ತುಂಬ, ಎಳೆದುಕೊಳ್ಳುತ್ತಿದ್ದಾರೆ